ಕಲ್ಲಿನ ಗುರುತು ಹಿಡಿದವಳು ಮೇರಿ ಆನಿಂಗ್

ನಮ್ಮಲ್ಲಿ ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿದೆ. ನೇಪಾಳದ ಗಂಡಕಿ ನದಿಯಿಂದ ಬಂದ ಆ ಕಪ್ಪು ಕಲ್ಲಿನೊಳಗಿನ ಸುರುಳಿಯನ್ನು ನಾವು ವಿಷ್ಣುವಿನ ಚಕ್ರವೆಂದು ಪೂಜಿಸುತ್ತೇವೆ. ವಿಜ್ಞಾನಿಗಳು ಅದನ್ನೇ ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಬದುಕಿದ್ದ ಆಮೊನೈಟ್ ಎಂಬ ಜೀವಿಯ ಚಿಪ್ಪು ಎಂದು ಗುರುತಿಸುತ್ತಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಪುಟ್ಟ ಊರಿನಲ್ಲಿ ಇನ್ನೂರು ವರ್ಷಗಳ ಹಿಂದೆ ಇದೇ ಬಗೆಯ ಸುರುಳಿಗಳಿಗೆ ಹಾವಿನ ಕಲ್ಲು ಎಂಬ ಹೆಸರಿತ್ತು. ಬಾಣದ ಮೊನೆಯಂತಿರುವ ಇನ್ನೊಂದು ಕಲ್ಲನ್ನು ದೆವ್ವದ ಬೆರಳು ಎನ್ನುತ್ತಿದ್ದರು. ಜನ ಇವನ್ನು ಕಡಲತೀರದಲ್ಲಿ ಹೆಕ್ಕಿ, ತೊಳೆದು, ಪ್ರವಾಸಕ್ಕೆ ಬಂದವರಿಗೆ ನಾಲ್ಕು ಕಾಸಿಗೆ ಮಾರುತ್ತಿದ್ದರು. ಹಾಗೆ ಮಾರುತ್ತಿದ್ದ ಒಂದು ಬಡಗಿಯ ಮನೆಯಲ್ಲಿ ಹುಟ್ಟಿದವಳು ಮೇರಿ ಆನಿಂಗ್.

ಮುಂಬಯಿಯ ಶಾಲೆಯೊಂದರಲ್ಲಿ ಹಲವು ವರ್ಷ ವಿಜ್ಞಾನ ಕಲಿಸಿದವಳು ನಾನು. ಪಾಠದ ಪುಸ್ತಕಗಳಲ್ಲಿ ಪಳೆಯುಳಿಕೆಗಳ ಅಧ್ಯಾಯ ಬಂದಾಗಲೆಲ್ಲ ದೊಡ್ಡ ದೊಡ್ಡ ವಿದ್ವಾಂಸರ ಹೆಸರುಗಳು ಬರುತ್ತಿದ್ದವು. ಈ ಹೆಣ್ಣುಮಗಳ ಹೆಸರು ಇರುತ್ತಿರಲಿಲ್ಲ. ಆ ವಿದ್ವಾಂಸರಲ್ಲಿ ಕೆಲವರು ತಮ್ಮ ಕೈಗೆ ಬಂದ ಮೂಳೆ ಯಾವುದೆಂದು ತಿಳಿಯಲು ಇವಳ ಅಂಗಡಿಯ ಬಾಗಿಲಿಗೆ ಬಂದಿದ್ದರು ಎಂಬುದು ನನಗೆ ಆಮೇಲೆ ಓದಿ ಗೊತ್ತಾದ ಸಂಗತಿ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದಾಗ ನನಗೆ ಮೊದಲು ನೆನಪಾದವಳು ಇವಳೇ.

ಮೇರಿ ಹುಟ್ಟಿದ್ದು 1799ರ ಮೇ 21ರಂದು. ತಂದೆ ರಿಚರ್ಡ್ ಆನಿಂಗ್ ಪೀಠೋಪಕರಣ ಮಾಡುವ ಬಡಗಿ. ತಾಯಿಯ ಹೆಸರೂ ಮೇರಿ; ಎಲ್ಲರೂ ಮಾಲಿ ಎಂದು ಕರೆಯುತ್ತಿದ್ದರು. ಮಾಲಿ ಹೆತ್ತ ಒಂಬತ್ತು ಹತ್ತು ಮಕ್ಕಳಲ್ಲಿ ದೊಡ್ಡವರಾಗಿ ಬೆಳೆದವರು ಇಬ್ಬರೇ, ಮೇರಿ ಮತ್ತು ಅವಳಿಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಜೋಸೆಫ್. ಮೇರಿ ಹುಟ್ಟುವ ಮೊದಲೇ ಒಬ್ಬ ಅಕ್ಕ ಮನೆಯಲ್ಲಿ ಬಟ್ಟೆಗೆ ಬೆಂಕಿ ತಗುಲಿ ತೀರಿಕೊಂಡಿದ್ದಳು. ಅವಳ ಹೆಸರೂ ಮೇರಿ. ಸತ್ತ ಮಗಳ ಹೆಸರನ್ನೇ ಹೊಸ ಮಗುವಿಗೆ ಇಟ್ಟರು.

ಮಗುವಿಗೆ ಹದಿನೈದು ತಿಂಗಳಾಗಿದ್ದಾಗ, 1800ರ ಆಗಸ್ಟ್ 19ರಂದು, ಊರ ಹೊರಗಿನ ಮೈದಾನದಲ್ಲಿ ಕುದುರೆ ಸವಾರಿಯ ಪ್ರದರ್ಶನ ನಡೆದಿತ್ತು. ಮಳೆ ಬಂತೆಂದು ಮೂವರು ಹೆಂಗಸರು ಮರದ ಕೆಳಗೆ ನಿಂತರು. ಒಬ್ಬಳ ತೋಳಿನಲ್ಲಿ ಮೇರಿ ಇದ್ದಳು. ಮರಕ್ಕೆ ಸಿಡಿಲು ಬಡಿದು ಮೂವರೂ ಸತ್ತರು. ಮಗುವನ್ನು ಮನೆಗೆ ಒಯ್ದು ಬಿಸಿನೀರಿನಲ್ಲಿ ಇಳಿಸಿದಾಗ ಅದು ಉಸಿರಾಡಿತು. ಅಲ್ಲಿಯವರೆಗೆ ಬಡಕಲಾಗಿದ್ದ ಮಗು ಆಮೇಲೆ ಚುರುಕಾಯಿತು ಎಂದು ಊರಿನವರು ಹೇಳಿಕೊಳ್ಳುತ್ತಿದ್ದರು. ಸಿಡಿಲಿನಿಂದ ಬುದ್ಧಿ ಬರುವುದಿಲ್ಲ. ಆದರೆ ಬಡವರ ಮನೆಯ ಹುಡುಗಿಯೊಬ್ಬಳು ಬುದ್ಧಿವಂತೆಯಾದರೆ ಅದಕ್ಕೊಂದು ಪವಾಡದ ಕಾರಣ ಬೇಕು ಎಂದು ಆ ಊರಿಗೂ ಅನಿಸಿರಬೇಕು.

ಆನಿಂಗ್ ಕುಟುಂಬ ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರಿದ್ದಲ್ಲ. ಅದರಿಂದ ಹೊರಗುಳಿದ ಪಂಗಡದ್ದು. ಹಾಗಾಗಿ ಅವರಿಗೆ ವಿಶ್ವವಿದ್ಯಾಲಯ, ಸರಕಾರಿ ಹುದ್ದೆ ಮುಂತಾದ ಎಷ್ಟೋ ಬಾಗಿಲುಗಳು ಮುಚ್ಚಿದ್ದವು. ಆದರೆ ಆ ಪಂಗಡದವರು ಬಡ ಮಕ್ಕಳಿಗೂ ಅಕ್ಷರ ಕಲಿಸುವ ಭಾನುವಾರದ ಶಾಲೆ ನಡೆಸುತ್ತಿದ್ದರು. ಮೇರಿ ಓದು ಬರಹ ಕಲಿತದ್ದು ಅಲ್ಲಿ. ಅವಳು ಪಡೆದ ಶಾಲಾ ಶಿಕ್ಷಣ ಹೆಚ್ಚುಕಡಿಮೆ ಅಷ್ಟೇ.

ಉಳಿದದ್ದನ್ನು ಕಲಿಸಿದ್ದು ಕಡಲು. ಲೈಮ್ ರೀಜಿಸ್‌ನ ಕಡಲತೀರದುದ್ದಕ್ಕೂ ಸುಣ್ಣಕಲ್ಲು ಮತ್ತು ಜೇಡಿಕಲ್ಲಿನ ಪದರಗಳಿರುವ ಕಡಿದಾದ ದಿಬ್ಬಗಳಿವೆ. ಸುಮಾರು 20 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದ ಜಾಗ ಅದು. ಚಳಿಗಾಲದ ಬಿರುಗಾಳಿಗೆ, ಮಳೆಗೆ ಈ ದಿಬ್ಬಗಳು ಕುಸಿಯುತ್ತವೆ. ಕುಸಿದಾಗ ಒಳಗಿದ್ದ ಪಳೆಯುಳಿಕೆಗಳು ಹೊರಬೀಳುತ್ತವೆ. ಹೆಕ್ಕುವವರು ಕೂಡಲೇ ಹೋಗಬೇಕು. ತಡಮಾಡಿದರೆ ಉಬ್ಬರದ ನೀರು ಎಲ್ಲವನ್ನೂ ಒಯ್ದುಬಿಡುತ್ತದೆ. ಅಂದರೆ ಹುಡುಕಾಟಕ್ಕೆ ಒಳ್ಳೆಯ ಕಾಲವೂ ಅಪಾಯದ ಕಾಲವೂ ಒಂದೇ. ರಿಚರ್ಡ್ ಮರಗೆಲಸದ ಬಿಡುವಿನಲ್ಲಿ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದ. ಯಾವ ಕಲ್ಲಿನೊಳಗೆ ಏನಿರಬಹುದು, ಸುತ್ತಿಗೆಯನ್ನು ಎಲ್ಲಿ ಹೊಡೆಯಬೇಕು, ಎಲ್ಲಿ ಹೊಡೆಯಬಾರದು ಎಂಬುದನ್ನೆಲ್ಲ ಮೇರಿ ಅಪ್ಪನ ಹಿಂದೆ ನಡೆದು ಕಲಿತಳು.

1810ರಲ್ಲಿ ರಿಚರ್ಡ್ ಕ್ಷಯದಿಂದ ತೀರಿಕೊಂಡ. ಅದಕ್ಕೆ ಮೊದಲು ದಿಬ್ಬದಿಂದ ಬಿದ್ದು ಪೆಟ್ಟೂ ಮಾಡಿಕೊಂಡಿದ್ದ. ಅವನಿಗೆ 44 ವರ್ಷ. ಮನೆಯವರಿಗೆ ಉಳಿದದ್ದು ಸುಮಾರು 120 ಪೌಂಡ್ ಸಾಲ. ಊರಿನ ಬಡವರ ನಿಧಿಯಿಂದ ಬರುವ ಸಹಾಯದ ಮೇಲೆ ಮಾಲಿ ಸಂಸಾರ ನಡೆಸಬೇಕಾಯಿತು. ಮೇರಿಗೆ ಆಗ ಹನ್ನೊಂದು ವರ್ಷ. ಅಪ್ಪ ಹೋದ ಮೇಲೆ ಒಮ್ಮೆ ಅವಳು ಹೆಕ್ಕಿ ತಂದ ಆಮೊನೈಟ್ ಒಂದನ್ನು ದಾರಿಯಲ್ಲಿ ಸಿಕ್ಕ ಹೆಂಗಸೊಬ್ಬಳು ಅರ್ಧ ಕ್ರೌನ್ ಕೊಟ್ಟು ಕೊಂಡಳಂತೆ. ಬಡ ಮನೆಯಲ್ಲಿ ಕೆಲವು ದಿನ ಒಲೆ ಉರಿಯಲು ಸಾಕಾಗುವ ಹಣ ಅದು. ಅಂದಿನಿಂದ ಹುಡುಗಿ ಕಡಲತೀರ ಬಿಡಲಿಲ್ಲ ಎಂಬ ಕತೆ ಲೈಮ್‌ನಲ್ಲಿ ಬಹಳ ಕಾಲ ಉಳಿಯಿತು.

1811ರಲ್ಲಿ ಜೋಸೆಫ್ ಕಣ್ಣಿಗೆ ಸುಮಾರು ನಾಲ್ಕು ಅಡಿ ಉದ್ದದ ತಲೆಬುರುಡೆಯೊಂದು ಬಿತ್ತು. ಉದ್ದ ಮೂತಿ, ಸಾಲು ಹಲ್ಲು, ತಟ್ಟೆಯಷ್ಟು ದೊಡ್ಡ ಕಣ್ಣಿನ ಗುಳಿ. ಜನ ಮೊಸಳೆ ಎಂದರು. ಆಗ ಜೋಸೆಫ್ ಕುರ್ಚಿಗಳಿಗೆ ಮೆತ್ತೆ ಕಟ್ಟುವ ಕೆಲಸ ಕಲಿಯಲು ಸೇರಿದ್ದ, ಅವನಿಗೆ ಸಮಯವಿರಲಿಲ್ಲ. ಉಳಿದ ದೇಹ ಎಲ್ಲಿದೆ ಎಂದು ಹುಡುಕುತ್ತ ಹೋದವಳು ಮೇರಿ. 1812ರಲ್ಲಿ ಅವಳಿಗೆ ಅದು ಸಿಕ್ಕಿತು. ಅವಳಿಗೆ ಇನ್ನೂ ಹದಿಮೂರು. ಕೂಲಿಯವರ ನೆರವಿನಿಂದ ಅದನ್ನು ಹೊರತೆಗೆಸಿದರು. ಊರಿನ ಜಮೀನುದಾರ ಹೆನ್ಲಿ 23 ಪೌಂಡ್ ಕೊಟ್ಟು ಕೊಂಡ. ಅಲ್ಲಿಂದ ಅದು ಲಂಡನ್ನಿನಲ್ಲಿ ವಿಲಿಯಂ ಬುಲಕ್ ಎಂಬಾತ ನಡೆಸುತ್ತಿದ್ದ ವಸ್ತುಪ್ರದರ್ಶನಕ್ಕೆ ಹೋಯಿತು. 1819ರಲ್ಲಿ ಬ್ರಿಟಿಷ್ ಮ್ಯೂಸಿಯಂ 45 ಪೌಂಡಿಗೆ ಅದನ್ನು ಕೊಂಡಿತು. ಆ ತಲೆಬುರುಡೆ ಈಗಲೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಇದು ಯಾವ ಪ್ರಾಣಿ? ಇಲ್ಲಿಂದಲೇ ನಿಜವಾದ ಕತೆ ಶುರುವಾಗುತ್ತದೆ. ರಾಜಮನೆತನದ ಶಸ್ತ್ರವೈದ್ಯ ಸರ್ ಎವರಾರ್ಡ್ ಹೋಮ್ 1814ರಿಂದ ಇದರ ಮೇಲೆ ಒಂದರ ಹಿಂದೆ ಒಂದು ಪ್ರಬಂಧ ಬರೆದ. ಮೀನಿಗೆ ಹತ್ತಿರವಾದದ್ದು ಎಂದ. ಆಸ್ಟ್ರೇಲಿಯಾದ ಪ್ಲಾಟಿಪಸ್‌ಗೆ ನಂಟು ಇರಬಹುದೆಂದ. ಕೊನೆಗೆ ಸಾಲಮಾಂಡರ್ ಮತ್ತು ಹಲ್ಲಿಗಳ ನಡುವಿನದು ಎಂದು ಅದಕ್ಕೊಂದು ಹೆಸರನ್ನೂ ಕೊಟ್ಟ. ಆದರೆ ನಿಂತ ಹೆಸರು ಅದಲ್ಲ. ಬ್ರಿಟಿಷ್ ಮ್ಯೂಸಿಯಂನ ಚಾರ್ಲ್ಸ್ ಕೋನಿಗ್ ಸೂಚಿಸಿದ ಇಕ್ತಿಯೋಸಾರಸ್, ಅಂದರೆ ಮೀನುಹಲ್ಲಿ, ಎಂಬುದು ಉಳಿಯಿತು. ಹೋಮ್‌ನ ಅಷ್ಟೂ ಬರಹಗಳಲ್ಲಿ ಅದನ್ನು ಹುಡುಕಿದವರು ಯಾರು ಎಂಬ ಮಾತಿಲ್ಲ.

ಇದರ ನಡುವೆ ಮನೆಯ ಸ್ಥಿತಿ ಮತ್ತೆ ಇಳಿಯಿತು. ಒಂದು ವರ್ಷವಿಡೀ ಹೇಳಿಕೊಳ್ಳುವಂಥದ್ದೇನೂ ಸಿಗದೆ, ಬಾಡಿಗೆ ಕಟ್ಟಲು ಮನೆಯ ಕುರ್ಚಿ ಮೇಜುಗಳನ್ನೇ ಮಾರುವ ಹಂತಕ್ಕೆ ಬಂದರು. ಅವರಿಂದ ಪಳೆಯುಳಿಕೆ ಕೊಳ್ಳುತ್ತಿದ್ದ ಥಾಮಸ್ ಬರ್ಚ್ ಎಂಬ ನಿವೃತ್ತ ಸೇನಾಧಿಕಾರಿಗೆ ಇದನ್ನು ನೋಡಿ ಬೇಸರವಾಯಿತು. ಆತ 1820ರಲ್ಲಿ ತನ್ನ ಸಂಗ್ರಹವನ್ನೇ ಲಂಡನ್ನಿನಲ್ಲಿ ಹರಾಜು ಹಾಕಿಸಿ, ಬಂದ ಸುಮಾರು 400 ಪೌಂಡ್ ಹಣವನ್ನು ಆನಿಂಗ್ ಕುಟುಂಬಕ್ಕೆ ಕೊಟ್ಟ. ಹಣದಷ್ಟೇ ದೊಡ್ಡದು ಆ ಹರಾಜಿನಿಂದ ಬಂದ ಹೆಸರು. ವ್ಯಾಪಾರದ ಲೆಕ್ಕ ನೋಡುತ್ತಿದ್ದವಳು ಆಗಲೂ ತಾಯಿ ಮಾಲಿಯೇ. 1821ರಲ್ಲಿ ಬಾಕಿ ಹಣ ಕೇಳಿ ಆಕೆ ಬ್ರಿಟಿಷ್ ಮ್ಯೂಸಿಯಂಗೆ ಪತ್ರ ಬರೆದಿದ್ದಾಳೆ. ಸಾಲದ ಹೊರೆ ಹೊತ್ತ ವಿಧವೆಯೊಬ್ಬಳು ದೇಶದ ದೊಡ್ಡ ಸಂಸ್ಥೆಗೆ ನನ್ನ ಹಣ ಕೊಡಿ ಎಂದು ಕೇಳಿದ್ದು ಸಣ್ಣ ಮಾತಲ್ಲ.

ಮೇರಿ ಹೇಗೆ ಕಲಿತಳು ಎಂಬುದು ನನ್ನನ್ನು ಬಹಳ ಸೆಳೆದ ವಿಷಯ. ವಿಜ್ಞಾನದ ಪುಸ್ತಕಗಳನ್ನು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಯಾರದಾದರೂ ಪ್ರಬಂಧ ಎರವಲು ಸಿಕ್ಕರೆ ಇಡೀ ಪ್ರಬಂಧವನ್ನು ಕೈಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದಳು. ಚಿತ್ರಗಳನ್ನೂ ಬಿಡುತ್ತಿರಲಿಲ್ಲ, ಅವಳ ನಕಲಿನ ಚಿತ್ರ ಯಾವುದು ಮೂಲ ಯಾವುದು ಎಂದು ಹೇಳುವುದು ಕಷ್ಟವಾಗುವಷ್ಟು ನಾಜೂಕಾಗಿ ಬರೆಯುತ್ತಿದ್ದಳು. ಕಲ್ಲಿನಲ್ಲಿರುವ ಮೀನು ಅರ್ಥವಾಗಬೇಕಾದರೆ ಬದುಕಿರುವ ಮೀನು ಗೊತ್ತಿರಬೇಕೆಂದು ತೊರಕೆ ಮೀನು, ಕಟಲ್‌ಫಿಶ್ ಮುಂತಾದವನ್ನು ತಂದು ಕೊಯ್ದು ನೋಡುತ್ತಿದ್ದಳು. ಅಡುಗೆಗೆ ಮೀನು ಹೆಚ್ಚುವ ನಮ್ಮ ಕರಾವಳಿಯ ಹೆಂಗಸರಿಗೆ ಮೀನಿನ ಒಳಗಿನ ರಚನೆ ಎಷ್ಟು ಚೆನ್ನಾಗಿ ಗೊತ್ತಿರುತ್ತದೆ ಎಂಬುದನ್ನು ನೆನೆಸಿಕೊಳ್ಳಿ. ಮೇರಿ ಆ ತಿಳಿವನ್ನೇ ಒಂದು ಹೆಜ್ಜೆ ಮುಂದೆ ಒಯ್ದಳು.

ಅವಳಿಗೆ ಜೊತೆಯಾದವಳು ಎಲಿಜಬೆತ್ ಫಿಲ್‌ಪಾಟ್. ಮೇರಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವಳು, ಅನುಕೂಲಸ್ಥರ ಮನೆಯವಳು. ಅಕ್ಕತಂಗಿಯರ ಜೊತೆ 1805ರಲ್ಲಿ ಲೈಮ್‌ಗೆ ಬಂದು ನೆಲೆಸಿ, ಹವ್ಯಾಸಕ್ಕಾಗಿ ಪಳೆಯುಳಿಕೆ ಕೂಡಿಡುತ್ತಿದ್ದಳು. ವಿಜ್ಞಾನವನ್ನು ಓದು ಎಂದು ಮೇರಿಯನ್ನು ಹುರಿದುಂಬಿಸಿದವಳು ಆಕೆ. ಅಂತಸ್ತಿನ ಅಂತರವಿದ್ದರೂ ಇಬ್ಬರೂ ಒಟ್ಟಿಗೆ ತೀರದಲ್ಲಿ ಅಲೆದರು. ದೆವ್ವದ ಬೆರಳು ಎಂದು ಊರವರು ಕರೆಯುತ್ತಿದ್ದ ಕಲ್ಲು ಬೆಲೆಮ್ನೈಟ್. ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಜೀವಿಯ ದೂರದ ನೆಂಟ. 1826ರಲ್ಲಿ ಮೇರಿ ಒಂದು ಬೆಲೆಮ್ನೈಟ್‌ನೊಳಗೆ ಒಣಗಿದ ಮಸಿಯ ಚೀಲವನ್ನು ಕಂಡಳು. ಕೊಯ್ದು ನೋಡಿದ ಕಟಲ್‌ಫಿಶ್‌ನಲ್ಲೂ ಅಂಥದೇ ಚೀಲವಿತ್ತು. ಎಲಿಜಬೆತ್ ಆ ಮಸಿಯನ್ನು ನೀರಿನಲ್ಲಿ ಕದಡಿ, ಅದರಿಂದಲೇ ಇಕ್ತಿಯೋಸಾರ್‌ನ ಚಿತ್ರ ಬರೆದಳು. ಕೋಟ್ಯಂತರ ವರ್ಷ ಹಳೆಯ ಮಸಿಯಲ್ಲಿ ಕೋಟ್ಯಂತರ ವರ್ಷ ಹಳೆಯ ಪ್ರಾಣಿಯ ಚಿತ್ರ!

ಮೇರಿಯ ದೊಡ್ಡ ಪರೀಕ್ಷೆ ಬಂದದ್ದು 1823ರ ಡಿಸೆಂಬರಿನಲ್ಲಿ. ಚಿಕ್ಕ ತಲೆ, ಹುಟ್ಟಿನಂಥ ನಾಲ್ಕು ಕಾಲು, ಹಾವಿನಂತೆ ಉದ್ದವಾದ ಕತ್ತು ಇರುವ ಒಂದು ಪೂರ್ಣ ಅಸ್ಥಿಪಂಜರ ಅವಳಿಗೆ ಸಿಕ್ಕಿತು. ಇಂಥ ಪ್ರಾಣಿಯ ಚೂರುಪಾರು ಮೂಳೆಗಳನ್ನು ನೋಡಿ ವಿಲಿಯಂ ಕಾನಿಬಿಯರ್ ಮತ್ತು ಹೆನ್ರಿ ಡಿ ಲ ಬೀಚ್ ಎಂಬ ಭೂವಿಜ್ಞಾನಿಗಳು 1821ರಲ್ಲೇ ಪ್ಲೀಸಿಯೋಸಾರಸ್ ಎಂಬ ಹೆಸರಿಟ್ಟಿದ್ದರು. ಇಡಿಯಾಗಿ ಯಾರೂ ಕಂಡಿರಲಿಲ್ಲ. ಅದರ ಚಿತ್ರ ಪ್ಯಾರಿಸ್‌ನಲ್ಲಿದ್ದ ಜಾರ್ಜ್ ಕ್ಯೂವಿಯೆಯ ಕೈಗೆ ಹೋಯಿತು. ಮೂಳೆಗಳ ಗುರುತು ಹಿಡಿಯುವುದರಲ್ಲಿ ಯುರೋಪಿಗೇ ಕೊನೆಯ ಮಾತು ಎನಿಸಿದ್ದವನು ಆತ. ಕತ್ತಿನಲ್ಲಿ 35 ಮೂಳೆಗಳು ಇರುವುದು ಸಾಧ್ಯವಿಲ್ಲ, ಯಾರೋ ಎರಡು ಪ್ರಾಣಿಗಳ ಮೂಳೆ ಸೇರಿಸಿದ್ದಾರೆ ಎಂದು ಆತ ಸಂಶಯಪಟ್ಟ.

ಈ ಸಂಶಯದ ಅರ್ಥ ಏನೆಂದು ನೋಡಿ. ಮೇರಿಯ ಹೊಟ್ಟೆಪಾಡು ನಿಂತಿದ್ದು ಅವಳ ಮಾತಿನ ಮೇಲೆ. ಮೋಸಗಾತಿ ಎಂಬ ಹೆಸರು ಅಂಟಿದರೆ ಮ್ಯೂಸಿಯಂಗಳು, ಶ್ರೀಮಂತರು ಯಾರೂ ಅವಳಿಂದ ಕೊಳ್ಳುವುದಿಲ್ಲ. 1824ರ ಫೆಬ್ರವರಿಯಲ್ಲಿ ಲಂಡನ್ನಿನ ಜಿಯೊಲಾಜಿಕಲ್ ಸೊಸೈಟಿಯಲ್ಲಿ ಇದರ ಚರ್ಚೆ ನಡೆಯಿತು. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕಾನಿಬಿಯರ್ ಆ ಪ್ರಾಣಿಯನ್ನು ವಿವರಿಸಿದ. ಅದನ್ನು ಬಂಡೆಯಿಂದ ಬಿಡಿಸಿ ಶುಚಿ ಮಾಡಿ ಜೋಡಿಸಿದವಳ ಹೆಸರು ಹೇಳಲಿಲ್ಲ. ಅಸ್ಥಿಪಂಜರ ನಿಜವಾದದ್ದೆಂದು ಸಾಬೀತಾಯಿತು. ಕ್ಯೂವಿಯೆ ತನ್ನ ಸಂಶಯ ತಪ್ಪೆಂದು ಒಪ್ಪಿಕೊಂಡ. ಅಂದಿನಿಂದ ವಿದ್ವಾಂಸರ ನಡುವೆ ಮೇರಿಯ ಮಾತಿಗೆ ತೂಕ ಬಂತು, ಅವಳಿಲ್ಲದ ಸಭೆಯಲ್ಲಿ.

ಕ್ಯೂವಿಯೆ ಎಡವಿದ್ದು ಇದೊಂದೇ ಸಲವಲ್ಲ. ಅದೇ ಕಾಲದಲ್ಲಿ ಇಂಗ್ಲೆಂಡಿನ ಸಸೆಕ್ಸ್ ಜಿಲ್ಲೆಯ ವೈದ್ಯ ಗಿಡಿಯನ್ ಮಾಂಟೆಲ್ ತನಗೆ ಸಿಕ್ಕ ಕೆಲವು ವಿಚಿತ್ರ ಹಲ್ಲುಗಳನ್ನು ಹಿಡಿದು ಕಂಡಕಂಡವರ ಬಳಿ ಗುರುತು ಕೇಳುತ್ತಿದ್ದ. ಮಾಂಟೆಲ್ ಕೂಡ ಹವ್ಯಾಸಿ; ರೋಗಿಗಳನ್ನು ನೋಡಿ ಬಿಡುವಾದಾಗ ಕಲ್ಲು ಹುಡುಕುವವನು. ಕ್ಯೂವಿಯೆ 1823ರಲ್ಲಿ ಆ ಹಲ್ಲನ್ನು ಖಡ್ಗಮೃಗದ್ದು ಎಂದ. ಮಾಂಟೆಲ್ ಸುಮ್ಮನಾಗಲಿಲ್ಲ. ಲಂಡನ್ನಿನ ಮ್ಯೂಸಿಯಂ ಒಂದರಲ್ಲಿ ಸ್ಯಾಮ್ಯುಯೆಲ್ ಸ್ಟಚ್‌ಬರಿ ಎಂಬಾತ ಇಗ್ವಾನಾ ಎಂಬ ಓತಿಯ ಜಾತಿಯ ಪ್ರಾಣಿಯ ಹಲ್ಲನ್ನು ತೋರಿಸಿದಾಗ ಎರಡೂ ಹೋಲುತ್ತಿದ್ದವು. 1825ರಲ್ಲಿ ಮಾಂಟೆಲ್ ತನ್ನ ಹೆಸರಿನಲ್ಲೇ ಇಗ್ವಾನೋಡಾನ್ ಬಗ್ಗೆ ಪ್ರಬಂಧ ಪ್ರಕಟಿಸಿದ, ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯನಾದ. ಅವನ ಶ್ರಮಕ್ಕೆ ಸಿಗಬೇಕಾದದ್ದೇ ಸಿಕ್ಕಿತು. ಅಷ್ಟೇ ಶ್ರಮಪಟ್ಟ ಮೇರಿಗೆ ಆ ದಾರಿ ಇರಲಿಲ್ಲ.

1826ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ಮೇರಿ ಕೂಡಿಟ್ಟ ಹಣದಿಂದ ಒಂದು ಮನೆ ಕೊಂಡಳು. ಮುಂದುಗಡೆ ಗಾಜಿನ ಕಿಟಕಿಯಿರುವ ಅಂಗಡಿ, ಹಿಂದೆ ಸಂಸಾರ. ಯುರೋಪಿನಿಂದ, ಅಮೆರಿಕದಿಂದ ಕೊಳ್ಳುವವರು ಬಂದರು. 1828ರಲ್ಲಿ ಅವಳು ಹಾರುವ ಸರೀಸೃಪವೊಂದರ ಅಸ್ಥಿಪಂಜರ ಕಂಡಳು. ಅಂಥದ್ದು ಜರ್ಮನಿಯ ಹೊರಗೆ ಸಿಕ್ಕಿದ್ದು ಅದೇ ಮೊದಲು. ಆಕ್ಸ್‌ಫರ್ಡಿನ ವಿಲಿಯಂ ಬಕ್‌ಲ್ಯಾಂಡ್ ಅದನ್ನು ವಿವರಿಸಿ ಬರೆದ, ಹುಡುಕಿದವಳು ಮೇರಿ ಎಂದು ಸ್ಪಷ್ಟವಾಗಿ ಹೇಳಿದ. ಆ ಪ್ರಾಣಿಯನ್ನು ಈಗ ಡೈಮಾರ್ಫೋಡಾನ್ ಎನ್ನುತ್ತಾರೆ. ಇಕ್ತಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ಉಂಡೆಕಲ್ಲುಗಳನ್ನು ಒಡೆದು, ಒಳಗೆ ಮೀನಿನ ಮೂಳೆ, ಪೊರೆಗಳಿವೆ ಎಂದು ಮೇರಿ ಗಮನಿಸಿದ್ದಳು. ಅವು ಪ್ರಾಣಿಗಳ ಹಿಕ್ಕೆಯ ಪಳೆಯುಳಿಕೆ ಎಂದು ಬಕ್‌ಲ್ಯಾಂಡ್ 1829ರಲ್ಲಿ ತೀರ್ಮಾನಿಸಿ ಕೋಪ್ರೊಲೈಟ್ ಎಂದು ಹೆಸರಿಟ್ಟ. ಸತ್ತ ಪ್ರಾಣಿ ಏನು ತಿಂದಿತ್ತು ಎಂಬುದನ್ನು ವಿಜ್ಞಾನ ಕೇಳತೊಡಗಿದ್ದು ಅಲ್ಲಿಂದ.

ಈ ಹೊತ್ತಿಗೆ ಗುರುತು ಕೇಳುವವರ ದಾರಿ ತಿರುಗಿತ್ತು. ಮೊದಲು ಮೇರಿ ತನಗೆ ಸಿಕ್ಕಿದ್ದೇನು ಎಂದು ತಿಳಿಯಲು ವಿದ್ವಾಂಸರನ್ನು ಕೇಳುತ್ತಿದ್ದಳು. ಈಗ ಹವ್ಯಾಸಿಗಳೂ ವಿದ್ವಾಂಸರೂ ತಮ್ಮಲ್ಲಿರುವುದು ಏನು ಎಂದು ಅವಳನ್ನು ಕೇಳುತ್ತಿದ್ದರು. ಒಂದು ಮೂಳೆ ಕೈಗಿತ್ತರೆ ಅದು ಯಾವ ಪ್ರಾಣಿಯ ಯಾವ ಭಾಗದ್ದು ಎಂದು ಹೇಳಬಲ್ಲವಳೆಂಬ ಹೆಸರಿತ್ತು. ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ 1834ರಲ್ಲಿ ಲೈಮ್‌ಗೆ ಬಂದಾಗ ಮೇರಿ ಮತ್ತು ಎಲಿಜಬೆತ್ ಅವನಿಗೆ ಪಳೆಯುಳಿಕೆ ಮೀನುಗಳನ್ನು ತೋರಿಸಿ ವಿವರಿಸಿದರು. ಆತ ತನ್ನ ಗ್ರಂಥದಲ್ಲಿ ಇಬ್ಬರನ್ನೂ ನೆನೆದ, ಇಬ್ಬರ ಹೆಸರನ್ನೂ ಮೀನುಗಳಿಗೆ ಇಟ್ಟ. ಮೇರಿ ಬದುಕಿದ್ದಾಗ ಅವಳ ಹೆಸರನ್ನು ಹೀಗೆ ಉಳಿಸಿದವರು ಬೇರೆ ಬಹಳ ಜನ ಇಲ್ಲ.

1839ರಲ್ಲಿ ವಿಜ್ಞಾನ ಪತ್ರಿಕೆಯೊಂದು ಕೊಕ್ಕೆಯಂಥ ಹಲ್ಲಿರುವ ಶಾರ್ಕ್‌ನ ಪಳೆಯುಳಿಕೆಯನ್ನು ಹೊಸ ಕುಲದ್ದೆಂದು ಪ್ರಕಟಿಸಿತು. ಅದು ಹೊಸದಲ್ಲ, ನೇರ ಹಲ್ಲೂ ಕೊಕ್ಕೆ ಹಲ್ಲೂ ಒಂದೇ ಮೀನಿನಲ್ಲಿರುವುದನ್ನು ನಾನು ಎಷ್ಟೋ ವರ್ಷಗಳ ಹಿಂದೆ ಕಂಡಿದ್ದೇನೆ ಎಂಬರ್ಥದ ಪತ್ರವನ್ನು ಮೇರಿ ಸಂಪಾದಕರಿಗೆ ಬರೆದಳು. ಆ ಪತ್ರದ ಒಂದು ಭಾಗ ಅಚ್ಚಾಯಿತು. ಅವಳ ಜೀವಮಾನದಲ್ಲಿ ಅವಳ ಹೆಸರಿನಲ್ಲಿ ಅಚ್ಚಾದ ವಿಜ್ಞಾನದ ಬರಹ ಅಷ್ಟೇ, ಬೇರೆಯವರು ಹಿಡಿದ ಗುರುತನ್ನು ತಿದ್ದಿದ ನಾಲ್ಕು ಸಾಲು. ತನ್ನಿಂದ ತಿಳಿದುಕೊಂಡವರು ಪುಸ್ತಕ ಬರೆದು ಹೆಸರು ಮಾಡಿದರು, ತನಗೆ ಏನೂ ದಕ್ಕಲಿಲ್ಲ ಎಂಬ ನೋವನ್ನು ಅವಳು ಕಿರಿಯ ಗೆಳತಿಯೊಬ್ಬಳ ಬಳಿ ತೋಡಿಕೊಂಡಿದ್ದಳು.

ಇದೆಲ್ಲ ದೂರದ ಇಂಗ್ಲೆಂಡಿನ ಮಾತು ಎಂದುಕೊಳ್ಳಬೇಡಿ. ಮೇರಿಗೆ ಹಾರುವ ಸರೀಸೃಪ ಸಿಕ್ಕ 1828ರಲ್ಲೇ ನಮ್ಮ ಜಬಲ್ಪುರದಲ್ಲಿ ವಿಲಿಯಂ ಸ್ಲೀಮನ್ ಎಂಬ ಸೇನಾಧಿಕಾರಿಗೆ ದೊಡ್ಡ ಮೂಳೆಗಳು ಸಿಕ್ಕವು. ಆತನೂ ಹವ್ಯಾಸಿಯೇ. ಅವು ಯಾವ ಪ್ರಾಣಿಯವು ಎಂದು ಹೇಳುವವರು ಹತ್ತಿರದಲ್ಲಿ ಇರಲಿಲ್ಲ. ಕೈಯಿಂದ ಕೈಗೆ ದಾಟಿ ಕಲ್ಕತ್ತಾ ಸೇರಿದ ಆ ಮೂಳೆಗಳಿಗೆ ಟೈಟನೋಸಾರಸ್ ಇಂಡಿಕಸ್ ಎಂಬ ಹೆಸರು ಸಿಕ್ಕಿದ್ದು 1877ರಲ್ಲಿ, ರಿಚರ್ಡ್ ಲಿಡೆಕರ್ ಎಂಬ ವಿಜ್ಞಾನಿಯಿಂದ. ಗುರುತಿಗಾಗಿ ಸುಮಾರು ಐವತ್ತು ವರ್ಷ ಕಾಯಬೇಕಾಯಿತು. ನಾವಿರುವ ಮುಂಬಯಿಯ ಬಂಡೆಗಳಲ್ಲೂ ಪುಟ್ಟ ಕಪ್ಪೆಗಳ ಪಳೆಯುಳಿಕೆಗಳಿವೆ. ಇಲ್ಲಿ ಕೆಲಸಕ್ಕಿದ್ದ ಜಿ.ಟಿ. ಕ್ಲಾರ್ಕ್ ಎಂಬ ಎಂಜಿನಿಯರ್ ಅವನ್ನು ಲಂಡನ್ನಿಗೆ ಮುಟ್ಟಿಸಿದ. 1847ರಲ್ಲಿ ರಿಚರ್ಡ್ ಓವನ್ ಅವನ್ನು ಗುರುತಿಸಿ ಹೆಸರಿಟ್ಟ. ಕಲ್ಲು ಒಡೆದ ಕೂಲಿಯಾಳುಗಳು ಅವನ್ನು ಮೊದಲು ಕಂಡಿರಬಹುದು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಮೇರಿಯ ಕೆಲಸದ ಅಪಾಯ ಎಂದೂ ಕಡಿಮೆಯಾಗಲಿಲ್ಲ. 1833ರ ಅಕ್ಟೋಬರಿನಲ್ಲಿ ದಿಬ್ಬ ಕುಸಿದು, ಸದಾ ಜೊತೆಗಿರುತ್ತಿದ್ದ ಅವಳ ನಾಯಿ ಟ್ರೇ ಕಣ್ಣೆದುರೇ ಮಣ್ಣಿನಡಿ ಸತ್ತಿತು. ಅವಳು ಕೂದಲೆಳೆಯಲ್ಲಿ ಉಳಿದಳು. ಹಣದ ಕಷ್ಟವೂ ಮತ್ತೆ ಮತ್ತೆ ಬಂತು. 1830ರಲ್ಲಿ ವ್ಯಾಪಾರ ಕುಗ್ಗಿದಾಗ, ಬಾಲ್ಯದಿಂದ ಪರಿಚಯವಿದ್ದ ಡಿ ಲ ಬೀಚ್ ಒಂದು ಚಿತ್ರ ಬರೆದ. ಮೇರಿಗೆ ಸಿಕ್ಕ ಪ್ರಾಣಿಗಳೆಲ್ಲ ಜೀವಂತವಾಗಿ ಪ್ರಾಚೀನ ಸಮುದ್ರದಲ್ಲಿ ಈಜುವ, ಒಂದನ್ನೊಂದು ತಿನ್ನುವ ದೃಶ್ಯ. ಅದರ ಅಚ್ಚುಪ್ರತಿಗಳನ್ನು ಮಾರಿ ಬಂದ ಹಣ ಅವಳಿಗೆ ಸಿಗುವಂತೆ ಮಾಡಿದ. 1835ರಲ್ಲಿ, ಹೂಡಿದ್ದ ಉಳಿತಾಯದ ಬಹುಪಾಲು ಮುಳುಗಿಹೋಯಿತು. ಆಗ ಬಕ್‌ಲ್ಯಾಂಡ್ ಮುಂದಾಗಿ, ವಿಜ್ಞಾನಿಗಳ ಸಂಸ್ಥೆ ಮತ್ತು ಸರಕಾರದ ಮೂಲಕ ವರ್ಷಕ್ಕೆ 25 ಪೌಂಡ್ ಪಿಂಚಣಿ ಕೊಡಿಸಿದ. ಅವಳನ್ನು ಮರೆತವರ ಕತೆ ಹೇಳುವಾಗ ಬರ್ಚ್, ಬಕ್‌ಲ್ಯಾಂಡ್, ಡಿ ಲ ಬೀಚ್ ಅವರ ಉಪಕಾರವನ್ನೂ ಹೇಳಬೇಕಾದದ್ದು ನ್ಯಾಯ.

1840ರ ದಶಕದಲ್ಲಿ ಅವಳಿಗೆ ಸ್ತನದ ಕ್ಯಾನ್ಸರ್ ಬಂತು. ನೋವಿಗೆ ಅಫೀಮಿನ ಔಷಧ ಕುಡಿಯುತ್ತಿದ್ದಳು. ಅದರ ಮಂಪರನ್ನು ಕಂಡು ಊರಿನ ಕೆಲವರು ಅವಳು ಕುಡಿತಕ್ಕೆ ಬಿದ್ದಿದ್ದಾಳೆ ಎಂದು ಆಡಿಕೊಂಡರು. ಹೆಂಗಸಿನ ಕಾಯಿಲೆಗಿಂತ ಅವಳ ನಡತೆಯ ಮೇಲೆ ಮೊದಲು ಕಣ್ಣು ಹೋಗುವುದು ಎಲ್ಲ ಊರಿನ ರೋಗ. 1846ರಲ್ಲಿ ಹೊಸದಾಗಿ ಆರಂಭವಾದ ಡಾರ್ಸೆಟ್ ಕೌಂಟಿ ಮ್ಯೂಸಿಯಂ ಅವಳನ್ನು ಗೌರವ ಸದಸ್ಯೆಯಾಗಿ ಮಾಡಿಕೊಂಡಿತು. 1847ರ ಮಾರ್ಚ್ 9ರಂದು ಅವಳು ತೀರಿಕೊಂಡಳು. ವಯಸ್ಸು 47. ಮದುವೆಯಾಗಿರಲಿಲ್ಲ. ಲಂಡನ್ನಿಗೆ ಹೋದದ್ದು 1829ರಲ್ಲಿ, ಒಂದೇ ಸಲ.

ಮರುವರ್ಷ ಜಿಯೊಲಾಜಿಕಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಡಿ ಲ ಬೀಚ್ ವಾರ್ಷಿಕ ಭಾಷಣದಲ್ಲಿ ಮೇರಿಗೆ ಶ್ರದ್ಧಾಂಜಲಿ ಸಲ್ಲಿಸಿದ. ಅಲ್ಲಿ ಆ ಗೌರವ ಪಡೆದ ಮೊದಲ ಮಹಿಳೆ ಅವಳು. 1850ರಲ್ಲಿ ಸೊಸೈಟಿಯ ಸದಸ್ಯರು ಸೇರಿ ಲೈಮ್‌ನ ಚರ್ಚಿನಲ್ಲಿ ಅವಳ ನೆನಪಿಗೆ ಬಣ್ಣದ ಗಾಜಿನ ಕಿಟಕಿ ಇರಿಸಿದರು. ಬದುಕಿದ್ದಾಗ ಬಾಗಿಲು ತೆರೆಯದವರು ಸತ್ತ ಮೇಲೆ ಕಿಟಕಿ ಮಾಡಿಸಿದರು ಎಂದು ನಾನು ಹಾಸ್ಯಕ್ಕೆ ಹೇಳುವುದುಂಟು. ಆ ಸೊಸೈಟಿ ಮಹಿಳೆಯರನ್ನು ಪೂರ್ಣ ಸದಸ್ಯರಾಗಿ ಸೇರಿಸಿಕೊಂಡದ್ದು 1919ರಲ್ಲಿ, ಮೇರಿ ಸತ್ತು 72 ವರ್ಷಗಳ ನಂತರ.

ಈಗ ಅವಳ ಹೆಸರು ಮರಳಿ ಬಂದಿದೆ. ವಿಜ್ಞಾನದ ಇತಿಹಾಸದ ಮೇಲೆ ಹೆಚ್ಚು ಪ್ರಭಾವ ಬೀರಿದ ಹತ್ತು ಬ್ರಿಟಿಷ್ ಮಹಿಳೆಯರಲ್ಲಿ ಅವಳೂ ಒಬ್ಬಳೆಂದು 2010ರಲ್ಲಿ ರಾಯಲ್ ಸೊಸೈಟಿ ಹೇಳಿತು. ಡಾಂಕಾಸ್ಟರ್ ಊರಿನ ಮ್ಯೂಸಿಯಂನಲ್ಲಿ ಪ್ಲಾಸ್ಟರಿನ ನಕಲು ಎಂದು ಎತ್ತಿಟ್ಟಿದ್ದ ಒಂದು ಇಕ್ತಿಯೋಸಾರ್ ನಿಜವಾದ ಪಳೆಯುಳಿಕೆ ಎಂದು ತಿಳಿದು, ಅದು ಹೊಸ ಪ್ರಭೇದವೆಂದು ಗೊತ್ತಾದಾಗ, 2015ರಲ್ಲಿ ಅದಕ್ಕೆ ಇಕ್ತಿಯೋಸಾರಸ್ ಆನಿಂಗೆ ಎಂದು ಹೆಸರಿಟ್ಟರು. ತನ್ನ ಊರಿನ ಈ ಹೆಂಗಸಿಗೆ ಒಂದು ಪ್ರತಿಮೆ ಯಾಕಿಲ್ಲ ಎಂದು ಆ ಕಡೆಯ ಶಾಲಾ ಬಾಲಕಿಯೊಬ್ಬಳು ಕೇಳಿದ್ದರಿಂದ ಹಣ ಕೂಡಿತು. 2022ರ ಮೇ 21ರಂದು, ಮೇರಿಯ ಹುಟ್ಟುಹಬ್ಬದ ದಿನ, ಲೈಮ್‌ನಲ್ಲಿ ಪ್ರತಿಮೆ ನಿಂತಿತು. ಕೈಯಲ್ಲಿ ಸುತ್ತಿಗೆ, ಪಕ್ಕದಲ್ಲಿ ಟ್ರೇ.

ಕನ್ನಡದಲ್ಲಿ ಗುರುತಿಸುವುದು ಎಂಬ ಮಾತಿಗೆ ಎರಡು ಅರ್ಥ. ಇದು ಇಂಥದ್ದು ಎಂದು ತಿಳಿಯುವುದು ಒಂದು. ಇವರು ಇಂಥವರು ಎಂದು ಮನ್ನಿಸುವುದು ಇನ್ನೊಂದು. ಮೇರಿ ಮೊದಲನೆಯದನ್ನು ಜೀವನಪೂರ್ತಿ ಮಾಡಿದಳು. ಎರಡನೆಯದು ಅವಳಿಗೆ ಸರಿಯಾಗಿ ಸಿಗಲಿಲ್ಲ. ನಮ್ಮ ಅಜ್ಜಿಯಂದಿರು ಎಲೆಯನ್ನು ಹಿಸುಕಿ ಮೂಸಿ ಯಾವ ಗಿಡ, ಯಾವ ಕಾಯಿಲೆಗೆ ಎಂದು ಹೇಳುತ್ತಿದ್ದರು. ಅವರ ತಿಳಿವು ಪುಸ್ತಕಕ್ಕೆ ಬಂತು, ಅವರ ಹೆಸರು ಬರಲಿಲ್ಲ. ಹಾಗಾಗಿ ಇದು ನಮಗೂ ಗೊತ್ತಿರುವ ಕತೆಯೇ.

ಕೊನೆಗೆ ಟೀಚರಮ್ಮನ ಎರಡು ಮಾತು. ರಜೆಯಲ್ಲಿ ನಿಮ್ಮ ಮಕ್ಕಳು, ಮೊಮ್ಮಕ್ಕಳು ವಿಚಿತ್ರವಾದ ಕಲ್ಲನ್ನು ತಂದು ಇದೇನು ಎಂದು ಕೇಳಿದರೆ ಬಿಸಾಡು ಎನ್ನಬೇಡಿ. ಕಛ್‌ನಲ್ಲಿ, ತಮಿಳುನಾಡಿನ ಅರಿಯಲೂರಿನ ಸುತ್ತ ಆಮೊನೈಟ್‌ಗಳಿವೆ. ಚೆನ್ನೈ, ಅಹಮದಾಬಾದ್ ಕಡೆಯ ನಮ್ಮವರಿಗೆ ಅವು ದೂರವಲ್ಲ. ಸಿಕ್ಕಿದ್ದನ್ನು ಒಡೆಯಬಾರದು, ಸಂರಕ್ಷಿತ ಜಾಗದಿಂದ ಎತ್ತಬಾರದು. ಅದು ಇದ್ದ ಜಾಗದಲ್ಲೇ, ಪಕ್ಕದಲ್ಲಿ ಒಂದು ನಾಣ್ಯವನ್ನೋ ಅಳತೆಪಟ್ಟಿಯನ್ನೋ ಇಟ್ಟು, ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಊರು, ಜಾಗ, ದಿನ, ಯಾವ ಬಗೆಯ ಬಂಡೆಯಲ್ಲಿತ್ತು ಎಂಬುದನ್ನು ಬರೆದಿಡಿ. ಎಲ್ಲಿಂದ ಬಂತು ಎಂದು ಗೊತ್ತಿಲ್ಲದ ಪಳೆಯುಳಿಕೆ ವಿಳಾಸವಿಲ್ಲದ ಪತ್ರದಂತೆ. ಓದಬಹುದು, ಪೂರ್ತಿ ಅರ್ಥವಾಗುವುದಿಲ್ಲ. ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ಅಥವಾ 1851ರಿಂದ ನಡೆದುಬಂದಿರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತೋರಿಸಿ ಗುರುತು ಕೇಳಿ.

ಕೇಳುವಾಗ ಚೀಟಿಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿ, ಮೊದಲು ಕಂಡವರು ಯಾರು ಎಂದು. ಅದು ನಿಮ್ಮ ಮೊಮ್ಮಗಳಾಗಿರಲಿ, ತೋಟದ ಕೆಲಸದವಳಾಗಿರಲಿ, ಹೆಸರನ್ನು ಪೂರ್ತಿ ಬರೆಯಿರಿ.